ಬರೀ ಎಣ್ಣೆಯವರು

ಮಾರ್ಚ್ 2, ಭಾನುವಾರ

ಈ ಡೈರಿ ನಮ್ಮ ಲ್ಯಾಬಿಗೆ ಇಲಿಪಂಜರ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಎರಡು ತಿಂಗಳು ಖಾಲಿ ಬಿಟ್ಟು ಇವತ್ತು ಶುರುಮಾಡುತ್ತಿದ್ದೇನೆ. ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಮಾತು ಕೇಳಿಕೊಂಡು ಬಂದವನು ನಾನು: ಬರೆಯದಿದ್ದದ್ದು ನಡೆದೇ ಇಲ್ಲ. ಅಲ್ಲಿ ಇಲಿ ಸೀನಿದರೂ ಬರೆದಿಡಬೇಕು. ಮನೆಯ ವಿಷಯ ನಾಲ್ಕು ತಿಂಗಳಿಂದ ಏನೂ ಬರೆದಿಲ್ಲ, ಹಾಗಾಗಿ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಇದ್ದೇನೆ.

ನಡೆದದ್ದು ಇಷ್ಟು. ನವೆಂಬರ್ ಒಂದರಂದು ಹೆಂಡತಿ ತೀರಿಕೊಂಡಳು. ಎಂಟು ತಿಂಗಳ ಕಾಯಿಲೆ, ಕೊನೆಯ ಐದು ವಾರ ಆಸ್ಪತ್ರೆ. ತಮ್ಮ ಮಗಳನ್ನು ನೋಡಿಕೊಳ್ಳಲು ಬಂದ ಅತ್ತೆ ಇಲ್ಲೇ ಉಳಿದಿದ್ದಾರೆ. ಅವರಿಗೆ ಒಬ್ಬ ಮಗ ಇದ್ದಾನೆ. ಫೋನಿನಲ್ಲಿ ಬಾ ಅಮ್ಮ, ಬಾ ಅಮ್ಮ ಎನ್ನುತ್ತಾನೆ, ಬಂದು ಕರೆದುಕೊಂಡು ಹೋಗುವುದಿಲ್ಲ. ನಾನೂ ಹೋಗಿ ಎನ್ನಲಿಲ್ಲ, ಇರಿ ಎಂದೂ ಹೇಳಲಿಲ್ಲ. ಮಕ್ಕಳಿಲ್ಲದ ಮನೆ. ಈಗ ಅತ್ತೆ, ಅಳಿಯ ಇಬ್ಬರೇ, ಒಂದೊಂದು ಕೋಣೆಯಲ್ಲಿ.

ನಾಳೆಯಿಂದ ಹೊಸ ಪ್ರಯೋಗ. ಇಲ್ಲಿಯೂ ಲ್ಯಾಬಿನ ನಿಯಮವನ್ನೇ ಇಟ್ಟುಕೊಳ್ಳುತ್ತೇನೆ. ತಪ್ಪು ಬರೆದರೆ ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು.

ಮಾರ್ಚ್ 3, ಸೋಮವಾರ

ಎಂಬತ್ತು ಇಲಿ, ನಾಲ್ಕು ಗುಂಪು, ಇಪ್ಪತ್ತೆಂಟು ದಿನ. ಮದ್ದು ಮಕ್ಕಳ ಮೂರ್ಛೆರೋಗಕ್ಕೆ, ಬೇರೆ ಯಾವ ಮಾತ್ರೆಗೂ ಬಗ್ಗದ ಮಕ್ಕಳಿಗೆ. ಅದು ಮನುಷ್ಯರ ಬಾಯಿಗೆ ಹೋಗುವ ಮೊದಲು ಎಷ್ಟರವರೆಗೆ ಮದ್ದು, ಎಲ್ಲಿಂದ ವಿಷ ಎಂದು ನೋಡುವುದು ನಮ್ಮ ಕೆಲಸ. ಮೂರು ಗುಂಪಿಗೆ ಕಡಿಮೆ, ನಡುಮಟ್ಟ, ಹೆಚ್ಚು ಎಂದು ಮೂರು ಪ್ರಮಾಣ, ಜೋಳದ ಎಣ್ಣೆಯಲ್ಲಿ ಕಲಸಿ ಕೊಡುತ್ತೇವೆ. ನಾಲ್ಕನೆಯ ಗುಂಪಿಗೆ ಮದ್ದಿಲ್ಲ, ಅದೇ ಎಣ್ಣೆ ಮಾತ್ರ. ಕಾಗದದ ಮೇಲೆ ಅದರ ಹೆಸರು ಕಂಟ್ರೋಲ್. ನಮ್ಮ ಕೋಣೆಯಲ್ಲಿ ಅವರು ‘ಬರೀ ಎಣ್ಣೆಯವರು’.

ಸರದಿ ಯಾವಾಗಲೂ ಅವರಿಂದಲೇ ಶುರು. ಮದ್ದು ಮುಟ್ಟಿದ ಕೈ ಅವರನ್ನು ಮುಟ್ಟಬಾರದು ಎಂದು ಮೊದಲು ಬರೀ ಎಣ್ಣೆ, ಆಮೇಲೆ ಕಡಿಮೆ, ನಡುಮಟ್ಟ, ಕೊನೆಗೆ ಹೆಚ್ಚು. ನನ್ನ ಜೊತೆಗಾರ ಇಲಿ ಹಿಡಿಯುತ್ತಾನೆ, ನಾನು ತುದಿ ಗುಂಡಗಿರುವ ಸೂಜಿಯಿಂದ ಬಾಯಿಯ ಮೂಲಕ ಹೊಟ್ಟೆಗೆ ಬಿಡುತ್ತೇನೆ. ಅವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಾರೆ. ಅವನೂ ಓಗೊಡುತ್ತಾನೆ, ಗೊಣಗಿಕೊಂಡೇ. ಸೂಜಿ ಕಂಡು ಕಣ್ಣು ಬಿಗಿಯಾಗಿ ಮುಚ್ಚಿದ ಇಲಿಯನ್ನು ತೋರಿಸಿ, ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂದರೆ ಇದೇ ನೋಡು ಎಂದ. ಪ್ರತಿ ಪ್ರಯೋಗದ ಮೊದಲ ದಿನ ಇದೇ ಮಾತು ಹೇಳುತ್ತಾನೆ.

ಪ್ರಯೋಗದ ಹೊಣೆ ಹೊತ್ತ ಡಾಕ್ಟರಮ್ಮ ಹತ್ತು ಗಂಟೆಗೆ ಬಂದರು. ಈ ತಳಿಯ ಇಲಿ ನಮಗೆ ಹೊಸದು, ಹೋಲಿಸಿ ನೋಡಲು ಹಳೆಯ ಅಂಕಿಗಳಿಲ್ಲ. ಇರುವುದು ಬರೀ ಎಣ್ಣೆಯವರು ಇಪ್ಪತ್ತು ಜನ. “ಇವನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಕೊಳ್ಳಿ. ಮದ್ದು ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಾಲ್ಕೂ ಗುಂಪಿಗೆ ಒಂದೇ ಥರ ಇರ್ಬೇಕು,” ಎಂದರು. ಹತ್ತೊಂಬತ್ತು ವರ್ಷ ಕೆಲಸ ಮಾಡಿದವನಿಗೆ ಇದನ್ನು ಹೇಳಬೇಕೇ ಅನ್ನಿಸಿತು.

ರಾತ್ರಿ ಎಂಟು ಗಂಟೆಗೆ ಅತ್ತೆಯವರಿಗೆ ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಕೊಟ್ಟೆ. ಗೋಡೆಯ ಚಾರ್ಟಿನಲ್ಲಿ ಟಿಕ್ ಹಾಕಿದೆ. ಅವರು ಉಂಡು ಎದ್ದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡು ಉಂಡೆ.

ಮಾರ್ಚ್ 6, ಗುರುವಾರ

ಲ್ಯಾಬಿನ ಊಟದ ಕೋಣೆಗೆ ನಾನು ಬಂದರೆ ಮೇಜಿನ ಮಾತು ತಗ್ಗುತ್ತದೆ. ನಗುತ್ತಿದ್ದವರು ನಗು ನುಂಗಿಕೊಂಡು ಡಬ್ಬಿ ನೋಡುತ್ತಾರೆ. ಅವರ ಊಟ ಯಾಕೆ ಕೆಡಿಸಲಿ ಎಂದು ಇವತ್ತು ಬೇಗ ಮುಗಿಸಿ ಇಲಿಕೋಣೆಗೆ ಹೋದೆ. ಪ್ರವೇಶದ ಪುಸ್ತಕದಲ್ಲಿ ಕಾರಣ ಬರೆಯಬೇಕು. ‘ನೀರಿನ ಬಾಟಲಿ ಪರೀಕ್ಷೆ’ ಎಂದು ಬರೆದೆ. ಬಾಟಲಿಗಳನ್ನು ನೋಡಿದೆ ಕೂಡ.

ಹೊಸ ಗೌನು, ಹೊಸ ಕೈಗವಸು ಹಾಕಿಕೊಂಡು ಬರೀ ಎಣ್ಣೆಯವರ ಸಾಲಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತೆ. ಏಳನೇ ನಂಬರಿನದು ಮುಚ್ಚಳಕ್ಕೆ ಮೂಗು ಹಚ್ಚಿ ನಿಂತಿತ್ತು. ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಮೊದಲು ಗೌನಿನ ಮಡಿಕೆಯಲ್ಲಿ ಅಡಗಿತು. ಆಮೇಲೆ ತಲೆ ಹೊರಗೆ ಹಾಕಿ ಹಾಗೇ ಕಣ್ಣು ಮುಚ್ಚಿತು. ಅರ್ಧ ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಮದ್ದಿನ ಗುಂಪುಗಳ ಕಡೆ ಹೋಗಲಿಲ್ಲ. ಹೆಚ್ಚು ಪ್ರಮಾಣದವು ಮಧ್ಯಾಹ್ನದವರೆಗೂ ಮಂಕಾಗಿ ಬಿದ್ದಿರುತ್ತವೆ. ಮದ್ದು ಒಳಗೆ ಹೋಗಿ ಮಂಕಾಗಿ ಮಲಗಿರುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಈಗ ದಿನವೂ ಅಲ್ಲೇ. ನಾನು ಪಕ್ಷಪಾತ ಮಾಡುವವನಲ್ಲ. ಏಳನೇ ನಂಬರಿನದನ್ನೇ ಎತ್ತಿಕೊಂಡರೆ ಉಳಿದ ಹತ್ತೊಂಬತ್ತಕ್ಕೆ ಅನ್ಯಾಯ. ಆದ್ದರಿಂದ ಎರಡೆರಡು, ಮೂರು ಮೂರನ್ನು ಒಟ್ಟಿಗೆ ಎತ್ತಿಕೊಂಡು ದಿನವೂ ಇಪ್ಪತ್ತಕ್ಕೂ ಸರದಿ ಇಟ್ಟಿದ್ದೇನೆ, ಪ್ರತಿಯೊಂದಕ್ಕೂ ಸುಮಾರು ಮೂರು ನಿಮಿಷ. ತಿನ್ನಲು ಏನೂ ಕೊಡುವುದಿಲ್ಲ. ನಿಯಮ ನಿಯಮವೇ.

ಮಾರ್ಚ್ 10, ಸೋಮವಾರ

ಮೊದಲ ವಾರದ ತೂಕ. ಬರೀ ಎಣ್ಣೆಯವರು ಸ್ವಲ್ಪ ಮುಂದೆ ಇದ್ದಾರೆ. ಖುಷಿಯಾಯಿತು.

ಮಾತ್ರೆ, ಟಿಕ್.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಅತ್ತೆಯವರೊಂದಿಗೆ ಮಾತಿಗೆ ಮಾತು ಬೆಳೆಯಿತು. ಹೆಂಡತಿಯ ಬಟ್ಟೆಯ ಬೀರು ಖಾಲಿ ಮಾಡಿಸಲು ಒಬ್ಬರಿಗೆ ಹೇಳಿದ್ದೆ, ಬಂದು ತೆಗೆದುಕೊಂಡು ಹೋಗಲಿ ಎಂದು. ಅತ್ತೆ, ನೀವೇ ಒಂದೊಂದಾಗಿ ತೆಗೆದು ಕೊಟ್ಟರೆ ಚೆನ್ನ ಎಂದರು. ನನಗೆ ಸಮಯವಿಲ್ಲ ಎಂದೆ. ಅವರು ಕಡ್ಡಿ ಮುರಿದ ಹಾಗೆ ಒಂದೇ ಮಾತು ಹೇಳಿದರು: “ಆಸ್ಪತ್ರೇಲೂ ನೀವು ಕಾರಿಡಾರಲ್ಲೇ ಇದ್ರಿ.”

ಇದು ಅನ್ಯಾಯ. ಔಷಧಿ ಚೀಟಿ ಹಿಡಿದು ಓಡಿದವನು ಯಾರು? ರಕ್ತ ಹೊಂದಿಸಿದವನು, ಸಹಿ ಹಾಕಿದವನು, ಪ್ರತಿ ಡಾಕ್ಟರ ಹಿಂದೆ ಅಲೆದವನು ಯಾರು? ಒಳಗೆ ಕೂರುವುದು ಸುಲಭ. ಐದು ವಾರದಲ್ಲಿ ನಾನು ಒಂದು ಕಡೆ ಹತ್ತು ನಿಮಿಷ ಕೂತವನಲ್ಲ.

ಬರೆದದ್ದನ್ನು ಓದಿಕೊಂಡೆ. ಹಿಂದಕ್ಕೆ ತಿರುಗಿಸಿ, ಆರನೇ ತಾರೀಖಿನ ಪುಟದಲ್ಲಿ ‘ಸಾಕಷ್ಟು ನೋಡಿದ್ದೇನೆ’ ಎಂಬಲ್ಲಿ ಒಂದು ಗೆರೆ ಹೊಡೆದು ಸಹಿ ಹಾಕಿದೆ.

ಮಾರ್ಚ್ 17, ಸೋಮವಾರ

ಎರಡನೆಯ ತೂಕ. ಬರೀ ಎಣ್ಣೆಯವರು ಇನ್ನೂ ಮುಂದೆ. ಮದ್ದಿನ ಮೂರೂ ಗುಂಪು ಹಿಂದೆ, ಅದೂ ಹೆಚ್ಚುಕಡಿಮೆ ಒಂದೇ ತೂಕ. ಡಾಕ್ಟರಮ್ಮ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. ಮದ್ದು ಏರಿದಂತೆ ಪರಿಣಾಮವೂ ಏರಬೇಕು, ಇದೇನು ಮೂರೂ ಒಂದೇ ಮೆಟ್ಟಿಲ ಮೇಲೆ ನಿಂತಿವೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಮಾರ್ಚ್ 20, ಗುರುವಾರ

ಈಗ ಅವು ನನ್ನ ಚಪ್ಪಲಿ ಸದ್ದಿಗೇ ಏಳುತ್ತವೆ. ಬೆಳಿಗ್ಗೆ ಸೂಜಿಯ ಸರದಿಯಲ್ಲೂ ಒದ್ದಾಡುವುದಿಲ್ಲ. ಗೊಣಗಪ್ಪ, ಇವು ಯಾಕೋ ತೀರಾ ಸಾಧು ಎಂದ. ಮದ್ದು ಬೀಳದ ಮೈ ಸಾಧುವಾಗಿಯೇ ಇರುತ್ತದೆ ಎಂದೆ.

ಮಾರ್ಚ್ 24, ಸೋಮವಾರ

ಮೂರನೆಯ ತೂಕ. ಅದೇ ಕಥೆ. ಡಾಕ್ಟರಮ್ಮ ನಮ್ಮಿಬ್ಬರನ್ನು ಕೂರಿಸಿ ಕೇಳಿದರು. ಆಹಾರದ ಚೀಲ ಬೇರೆ ಬೇರೆ ಬಂದಿತ್ತೇ, ದೀಪ ಕೆಟ್ಟಿತ್ತೇ, ಎಲ್ಲಾದರೂ ಎಣ್ಣೆ ಬದಲಾಯಿತೇ. ಇಲ್ಲ, ಇಲ್ಲ, ಇಲ್ಲ ಎಂದೆವು. ಹಾಗಾದರೆ ಮದ್ದೇ ಸರಿಯಿಲ್ಲ ಎಂದರು. ತೀರಾ ಕಡಿಮೆ ಪ್ರಮಾಣಕ್ಕೇ ಇಲಿ ಹೀಗೆ ಬಳಲಿದರೆ, ಮಕ್ಕಳಿಗೆ ಕೊಡಬಹುದಾದ ಪ್ರಮಾಣ ಎಂಬುದೇ ಉಳಿಯುವುದಿಲ್ಲ. ಈ ಮದ್ದಿನ ಹಿಂದೆ ಆರು ವರ್ಷದಿಂದ ಬಿದ್ದವರಿದ್ದಾರಂತೆ. ಹೇಳುವಾಗ ಅವರ ಮುಖ ಸಣ್ಣದಾಗಿತ್ತು.

ಅತ್ತೆಯವರಿಗೆ ಮಂಡಿನೋವು. ತೈಲದ ಬಾಟಲಿಯನ್ನು ಅವರ ಕೋಣೆಯ ಬಾಗಿಲಲ್ಲಿ ಇಟ್ಟೆ.

ಮಾರ್ಚ್ 29, ಶನಿವಾರ

ಕರೆಂಟು ಇಲ್ಲದ ಸಂಜೆ. ಇಬ್ಬರೂ ಬಾಲ್ಕನಿಗೆ ಬಂದು ಕೂರಬೇಕಾಯಿತು. ಏನಾದರೂ ಮಾತಾಡಬೇಕಲ್ಲ ಎಂದು ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಇದೇ ಮೊದಲು. ನಾಲ್ಕು ಗುಂಪು, ಮದ್ದು, ಎಣ್ಣೆ ಎಲ್ಲ ಹೇಳಿದೆ. ಕೊನೆಗೆ ಬರೀ ಎಣ್ಣೆಯವು ಏನಾಗುತ್ತವೆ ಎಂದರು. ಅವನ್ನೂ ಉಳಿದವುಗಳ ಜೊತೆಗೇ ಸಾಯಿಸುತ್ತೇವೆ ಎಂದೆ. ಅವಕ್ಕೆ ಕಾಯಿಲೆಯೇ ಇಲ್ಲವಲ್ಲ ಎಂದರು. ಕಾಯಿಲೆ ಇಲ್ಲದ ಒಳಗು ಹೇಗಿರುತ್ತದೆ ಎಂದು ನೋಡಿದರೆ ತಾನೇ ಕಾಯಿಲೆಯದು ಗೊತ್ತಾಗುವುದು ಎಂದೆ.

ಕರೆಂಟು ಬಂದಿತ್ತು, ಯಾರೂ ಏಳಲಿಲ್ಲ. ಇವತ್ತು ಚಾರ್ಟಿಗೆ ಟಿಕ್ ಹಾಕುವುದು ಮರೆತುಹೋಯಿತು. ನಾಳೆ ಹಾಕಬೇಕು.

ಮಾರ್ಚ್ 31, ಸೋಮವಾರ

ಎಂಬತ್ತೂ ಮುಗಿದವು. ಸರದಿ ಎಂದಿನಂತೆ, ಬರೀ ಎಣ್ಣೆಯವರು ಮೊದಲು.

ಪಂಜರದಿಂದ ತೆಗೆದು ಗ್ಯಾಸಿನ ಪೆಟ್ಟಿಗೆಗೆ ಇಡುವುದು ನನ್ನ ಕೆಲಸ. ಇಷ್ಟು ವರ್ಷ ಮೂಲೆಗೆ ಓಡುವ ಇಲಿಯನ್ನು ಹಿಡಿದು ತೆಗೆದಿದ್ದೇನೆ. ಇವು ಓಡಲಿಲ್ಲ. ಮುಚ್ಚಳ ತೆಗೆದ ಕೂಡಲೇ ತಾವಾಗಿ ಕೈ ಹತ್ತಿ ಬಂದವು. ಏಳನೇ ನಂಬರಿನದು ತೋಳಿನವರೆಗೂ ಹತ್ತಿ ಬಂದು ಗೌನಿನ ಮಡಿಕೆ ಹುಡುಕಿತು.

ನನಗೆ ಅಳು ಬಂತು. ಮುಖಕ್ಕೆ ಮಾಸ್ಕ್ ಇತ್ತು. ಗೊಣಗಪ್ಪ ನೋಡಿದನೋ ಇಲ್ಲವೋ, ಇವತ್ತು ಅವನು ಒಂದು ಸಲವೂ ಗೊಣಗಲಿಲ್ಲ.

ಏಪ್ರಿಲ್ 4, ಶುಕ್ರವಾರ

ಅಂಗಗಳ ತೂಕ ಬಂತು. ಮೂತ್ರಪಿಂಡದ ತಲೆಯ ಮೇಲೆ ಒಂದು ಪುಟ್ಟ ಗ್ರಂಥಿ ಇರುತ್ತದೆ. ಹೆದರಿಕೆಯಲ್ಲೇ ದಿನ ದೂಡುವ ಪ್ರಾಣಿಗೆ ಅದು ದಪ್ಪವಾಗುತ್ತದೆ. ಮದ್ದಿನ ಮೂರೂ ಗುಂಪಿನಲ್ಲಿ ಅದು ದಪ್ಪ, ಬರೀ ಎಣ್ಣೆಯವರಲ್ಲಿ ಚಿಕ್ಕದು. ಡಾಕ್ಟರಮ್ಮ ಹೇಳಿದ್ದನ್ನು ಇದು ಖಚಿತಪಡಿಸಿತು. ಮದ್ದು ಕೈಬಿಡುವ ಶಿಫಾರಸು ಹದಿನೈದನೇ ತಾರೀಖಿಗೆ ಹೋಗುತ್ತದೆ.

ಗೊಣಗಪ್ಪ, ಹೋಗಲಿ ಬಿಡು, ನೂರರಲ್ಲಿ ತೊಂಬತ್ತು ಮದ್ದು ಹೀಗೇ ಹೋಗುತ್ತವೆ ಎಂದ. ಅದೂ ನಿಜವೇ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಅತ್ತೆಯವರಿಗೆ ಇದನ್ನೆಲ್ಲ ಹೇಳಿದೆ. ಮಡಿಲಿನ ವಿಷಯವೂ ಬಂತು. ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಏಳನೇ ನಂಬರಿನದು ಗೌನಿನೊಳಗೆ ನಿದ್ದೆ ಹೋಗುತ್ತಿದ್ದದ್ದು ಹೇಳಿದಾಗ ಅವರು ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಕೇಳಿದರು, ಮದ್ದು ತಿಂದವನ್ನೂ ಹೀಗೇ ಎತ್ತಿಕೊಳ್ಳುತ್ತಿದ್ದಿರಾ ಎಂದು. ಇಲ್ಲ ಎಂದೆ.

“ಹಾಗಾದ್ರೆ ಬರೀ ಎಣ್ಣೆ ಅಂತ ಹೇಗಾಯ್ತು ಅಳಿಯಂದ್ರೇ?”

ಅವರು ಸಹಜವಾಗಿ ಕೇಳಿದ್ದು. ನಾನು ಲೋಟ ಹಿಡಿದುಕೊಂಡೇ ಕೂತೆ. ಮದ್ದಿನ ಗುಂಪಿನವು ಮದ್ದಿನಿಂದ ಬಳಲಿದ್ದಲ್ಲ. ದಿನಾ ಕುತ್ತಿಗೆ ಹಿಡಿಸಿಕೊಂಡು ಸೂಜಿ ನುಂಗುವ ಇಲಿ ಎಲ್ಲ ಪ್ರಯೋಗದಲ್ಲೂ ಇರುವ ಹಾಗೆಯೇ ಇದ್ದವು. ಬರೀ ಎಣ್ಣೆಯವು ಮಾತ್ರ ನನ್ನಿಂದಾಗಿ ಬೇರೆಯಾದವು. ಮೂರೂ ಗುಂಪು ಒಂದೇ ಮೆಟ್ಟಿಲ ಮೇಲೆ ನಿಂತದ್ದಕ್ಕೆ ಇದೇ ಕಾರಣ. ಹತ್ತೊಂಬತ್ತು ವರ್ಷದ ಅನುಭವ ಇಟ್ಟುಕೊಂಡು ನಾನು ಇದನ್ನು ನೋಡಲಿಲ್ಲ.

ಅತ್ತೆ ನನ್ನ ಮುಖ ನೋಡಿ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಇದು,” ಎಂದರು. ಮದ್ದನ್ನು ಕುರಿತು ಹೇಳಿದ್ದು.

ಏಪ್ರಿಲ್ 7, ಸೋಮವಾರ

ಪಂಜರ ತೊಳೆಯುವ ಕೋಣೆಯಲ್ಲಿ ಗೊಣಗಪ್ಪನಿಗೆ ಹೇಳಿದೆ. ನೀರಿನ ನಲ್ಲಿ ನಿಲ್ಲಿಸಿ, ಬಾಗಿಲು ನೋಡಿ, ಮತ್ತೆ ನಲ್ಲಿ ಬಿಟ್ಟ.

“ಸುಮ್ನಿದ್ರೆ ಮದ್ದು ಹೋಗುತ್ತೆ, ಅಷ್ಟೇ. ಬಾಯಿ ಬಿಟ್ರೆ ನೀನು ಹೋಗ್ತೀಯ, ಜೊತೆಗೆ ಇನ್ನೂ ಎಂಬತ್ತು ಇಲಿ ಹೋಗ್ತವೆ. ಮೈಮೇಲೆ ಯಾಕೋ ಇರುವೆ ಬಿಟ್ಕೊಳ್ತೀಯ?”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಪ್ರವೇಶದ ಪುಸ್ತಕದಲ್ಲಿ ಇಪ್ಪತ್ತಮೂರು ದಿನ ‘ನೀರಿನ ಬಾಟಲಿ ಪರೀಕ್ಷೆ’ ಎಂದಿದೆ, ನನ್ನದೇ ಅಕ್ಷರ. ನಾನು ಮಡಿಲ ವಿಷಯ ಅಲ್ಲಿ ಎಲ್ಲೂ ಬರೆದಿಲ್ಲ. ಲ್ಯಾಬಿನ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ಏಪ್ರಿಲ್ 8, ಮಂಗಳವಾರ

ಹೇಳಲಿಲ್ಲ.

ಏಪ್ರಿಲ್ 9, ಬುಧವಾರ

ಡಾಕ್ಟರಮ್ಮನ ಬಾಗಿಲವರೆಗೆ ಹೋದೆ. ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ಆರೇಳು ಸಲ ನಡೆದೆ. ಅವರು ಫೋನು ಇಟ್ಟದ್ದು ಕೇಳಿಸಿತು. ಸ್ಟೋರಿನಲ್ಲಿ ಕೈಗವಸು ಮುಗಿದಿರಬಹುದು ಎಂದು ನೆನಪಾಗಿ ಅಲ್ಲಿಗೆ ಹೋದೆ. ಮುಗಿದಿರಲಿಲ್ಲ.

ಕಾರಿಡಾರಿನಲ್ಲಿ ನಾನು ಎಷ್ಟು ಚೆನ್ನಾಗಿ ಓಡಾಡುತ್ತೇನೆ ಎಂಬುದು ಇವತ್ತು ಗೊತ್ತಾಯಿತು.

ಏಪ್ರಿಲ್ 10, ಗುರುವಾರ

ಬಾಗಿಲು ತಟ್ಟದೆ ನೇರ ಒಳಗೆ ಹೋದೆ. ತಟ್ಟಿ ನಿಂತರೆ ಮತ್ತೆ ಸ್ಟೋರಿಗೆ ಹೋಗುತ್ತಿದ್ದೆ.

ಎಲ್ಲ ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ದಿನ ಎಂದರು. ಇಪ್ಪತ್ತಮೂರು ಎಂದೆ. ಇಪ್ಪತ್ತನ್ನೂ ಎತ್ತಿಕೊಂಡಿರಾ ಎಂದರು. ಹೌದು, ಯಾವುದಕ್ಕೂ ಭೇದ ಮಾಡಲಿಲ್ಲ ಎಂದೆ. ಆ ಮಾತು ಆಡಬಾರದಿತ್ತು.

“ನೀವು ಏನಾದ್ರೂ ಕದ್ದಿದ್ರೂ ನಂಗೆ ಇಷ್ಟು ಸಿಟ್ಟು ಬರ್ತಿರ್ಲಿಲ್ಲ,” ಎಂದರು. “ಎಂಬತ್ತು ಜೀವ ಸುಮ್ನೆ ಹೋಯ್ತು. ಇನ್ನೈದು ದಿನ ಬಿಟ್ಟಿದ್ರೆ ಮದ್ದೂ ಸುಮ್ನೆ ಹೋಗ್ತಿತ್ತು.”

ಆಮೇಲೆ ಮದ್ದಿನವನ್ನು ಯಾಕೆ ಮುಟ್ಟಲಿಲ್ಲ ಎಂದು ಕೇಳಿದರು, ದನಿ ಇಳಿಸಿ. ಮಂಕಾಗಿ ಮಲಗಿರುವುದರ ಪಕ್ಕ ಕೂರಲು ನನ್ನಿಂದ ಆಗುವುದಿಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು ಡೀವಿಯೇಶನ್ ಫಾರಂ ತೆಗೆದುಕೊಟ್ಟರು. ನಿಯಮ ತಪ್ಪಿದಾಗ ತುಂಬುವ ಕಾಗದ ಅದು.

ಫಾರಂನಲ್ಲಿ ನಾಲ್ಕು ಮನೆಗಳಿವೆ: ನೀಡಿದ ವಸ್ತು, ಪ್ರಮಾಣ, ಮಾರ್ಗ, ಎಷ್ಟು ಸಲ. ಪ್ರಮಾಣ, ಪ್ರತಿ ಇಲಿಗೆ ಮೂರು ನಿಮಿಷ. ಎಷ್ಟು ಸಲ, ದಿನಕ್ಕೊಮ್ಮೆ, ಇಪ್ಪತ್ತಮೂರು ದಿನ. ಮಾರ್ಗ, ಕೈ. ಮೊದಲನೆಯ ಮನೆಯಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಕೂತೆ. ಕೊನೆಗೆ ‘ಮಡಿಲು’ ಎಂದು ಬರೆದೆ.

ತಪಾಸಣೆ ವಿಭಾಗದವರು ಅದನ್ನು ಹೊಡೆದು ‘ಹೆಚ್ಚುವರಿ ನಿರ್ವಹಣೆ’ ಎಂದು ಬರೆಯಲು ಹೇಳಿದರು. ಡಾಕ್ಟರಮ್ಮ ಬೇಡ, ಹಾಗೇ ಇರಲಿ ಎಂದರು.

ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಏನೂ ಕೇಳಲಿಲ್ಲ. ನಾನೇ ಹೇಳಿದೆ. ಇನ್ನೊಂದು ಸೌಟು ಬಡಿಸಿದರು.

ಏಪ್ರಿಲ್ 22, ಮಂಗಳವಾರ

ಮದ್ದಿನ ಶಿಫಾರಸು ತಡೆದಿದ್ದಾರೆ. ಪ್ರಯೋಗ ಮೊದಲಿನಿಂದ. ನನಗೆ ಎಚ್ಚರಿಕೆ ಪತ್ರ, ಈ ವರ್ಷದ ಬಡ್ತಿ ಇಲ್ಲ. ಕೆಲಸ ಹೋಗಲಿಲ್ಲ. ಗೊಣಗಪ್ಪ ನನಗಾಗಿ ಮೇಲಿನವರ ಹತ್ತಿರ ಹೋಗಿ ಗೊಣಗಿ ಬಂದಿದ್ದಾನೆಂದು ಆಮೇಲೆ ಗೊತ್ತಾಯಿತು. ಕೇಳಿದರೆ, ನೀನು ಹೋದರೆ ಹೊಸಬನಿಗೆ ಸೂಜಿ ಹಿಡಿಯುವುದು ಕಲಿಸುವವರು ಯಾರು ಎಂದ.

ಡಾಕ್ಟರಮ್ಮ ಕರೆದು ಎದುರಿಗೆ ಕೂರಿಸಿಕೊಂಡರು. ಹೆದರಿದ ಇಲಿಯ ಅಂಕಿ ಯಾವಾಗಲೂ ಏರುಪೇರು. ಪಳಗಿದ ಇಲಿಯಲ್ಲಿ ಮದ್ದಿನ ಪರಿಣಾಮ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಅವರು ಓದಿದ್ದಾರಂತೆ. ಹೊಸ ಪ್ರಯೋಗಕ್ಕೆ ಎರಡು ದಾರಿ ಇವೆ ಎಂದರು. “ಒಂದೋ ಯಾವುದನ್ನೂ ಎತ್ಕೊಳ್ಳೋ ಹಾಗಿಲ್ಲ. ಇಲ್ಲ ಅಂದ್ರೆ ಎಂಬತ್ತನ್ನೂ, ಒಂದೇ ಹೊತ್ತು, ಒಂದೇ ಅಳತೆ. ಮಂಕಾಗಿರೋವನ್ನೂ. ನಿಮ್ಮ ಕೈಲಿ ಯಾವುದಾಗುತ್ತೆ?”

ಮೊದಲನೆಯದು ಸುಲಭ ಎಂದು ಹೇಳಲು ಬಾಯಿ ತೆರೆದೆ. ಎಂಬತ್ತನ್ನೂ ಎಂದೆ.

ಮೇ 12, ಸೋಮವಾರ

ಪ್ರತಿ ಇಲಿಗೆ ತೊಂಬತ್ತು ಸೆಕೆಂಡು, ಸ್ಟಾಪ್‌ವಾಚ್ ಇಟ್ಟು. ನಲವತ್ತು ನನಗೆ, ನಲವತ್ತು ಗೊಣಗಪ್ಪನಿಗೆ, ಪ್ರತಿ ಗುಂಪಿನಲ್ಲೂ ಅರ್ಧರ್ಧ. ಅವನು ಮೊದಲನೆಯದನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನ ಸ್ವಂತ ಮಕ್ಕಳನ್ನೇ ಹೀಗೆ ಎತ್ತಿಕೊಂಡವನಲ್ಲ ಎಂದು ಗೊಣಗಿದ. ಎಂಟನೆಯದಕ್ಕೆ ಬರುವಾಗ ಸುಮ್ಮನಾಗಿದ್ದ.

ಬರೀ ಎಣ್ಣೆಯವರು, ಕಡಿಮೆ, ನಡುಮಟ್ಟ ಆಯಿತು. ಹೆಚ್ಚು ಪ್ರಮಾಣದ ಸಾಲಿಗೆ ಬಂದೆ. ಅರವತ್ತೊಂದನೇ ನಂಬರಿನದು ಮೂಲೆಯಲ್ಲಿ ಪಕ್ಕಕ್ಕೆ ಬಿದ್ದುಕೊಂಡಿತ್ತು. ತೆಗೆದಾಗ ಕಾಲು ಇಳಿಬಿಟ್ಟಿತು. ಮಡಿಲಲ್ಲಿ ಇಟ್ಟುಕೊಂಡೆ. ಅದು ಏನೂ ಮಾಡಲಿಲ್ಲ. ಅಡಗಲಿಲ್ಲ, ತಲೆ ಎತ್ತಲಿಲ್ಲ. ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು, ಮೈ ಬೆಚ್ಚಗಿತ್ತು. ನಾನೂ ಏನೂ ಮಾಡುವಂತಿರಲಿಲ್ಲ. ಕೂತಿರುವುದಷ್ಟೇ ಕೆಲಸ.

ಸ್ಟಾಪ್‌ವಾಚ್ ಕೂಗಿತು. ತೊಂಬತ್ತು ಸೆಕೆಂಡು ಅಷ್ಟೇನೂ ಕಷ್ಟವಿರಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಅಷ್ಟೇನೂ ಕಷ್ಟವಿರಲಿಲ್ಲ.

ಮೇ 18, ಭಾನುವಾರ

ಹೆಂಡತಿಯ ಬೀರು ತೆಗೆದೆವು. ಅತ್ತೆ ಒಂದೊಂದೇ ಬಟ್ಟೆ ಕೈಗೆ ಕೊಟ್ಟರು, ನಾನು ಮಡಿಸಿದೆ. ಮಧ್ಯಾಹ್ನದವರೆಗೂ ಹಿಡಿಯಿತು.

ಜೂನ್ 9, ಸೋಮವಾರ

ಮುಗಿಯಿತು. ಈ ಸಲ ಎಂಬತ್ತೂ ತಾವಾಗಿ ಕೈಗೆ ಬಂದವು.

ಹೆಚ್ಚು ಬರೆಯಲಾರೆ.

ಜೂನ್ 13, ಶುಕ್ರವಾರ

ಅಂಗಗಳ ತೂಕ ಬಂತು. ಹೆದರಿಕೆಯ ಗ್ರಂಥಿ ನಾಲ್ಕೂ ಗುಂಪಿನಲ್ಲಿ ಒಂದೇ ಅಳತೆ. ಹೆಚ್ಚು ಪ್ರಮಾಣದಲ್ಲಿ ಯಕೃತ್ತು ಸ್ವಲ್ಪ ಊದಿದೆ, ನಡುಮಟ್ಟದಲ್ಲಿ ಅಷ್ಟಿಷ್ಟು, ಕಡಿಮೆಯಲ್ಲಿ ಏನೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಇರಬೇಕಾದ ಹಾಗೆ. ಮದ್ದು ಮುಂದಿನ ಹಂತಕ್ಕೆ ಹೋಗುತ್ತದೆ. ಡಾಕ್ಟರಮ್ಮ ಅಂಕಿಗಳನ್ನು ಎರಡು ಸಲ ಓದಿ ಹೇಳಿದರು. ನನಗೆ ಧನ್ಯವಾದ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕಣ್ಣುಗಳು ನಗುತ್ತಿದ್ದವು.

ಸಂಜೆ ಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಕೂತು ಸುದ್ದಿ ಹೇಳಿದೆ. ಒಳ್ಳೇದಾಯ್ತು ಎಂದರು. ಆಮೇಲೆ ಏಳು ತಿಂಗಳಿಂದ ಕೇಳದಿದ್ದದ್ದನ್ನು ಕೇಳಿದೆ, ಕೊನೆಯ ದಿನ ಅವಳು ಏನಾದರೂ ಹೇಳಿದಳಾ ಎಂದು.

ಅತ್ತೆ ಚಾಕು ಕೆಳಗಿಟ್ಟರು. ಮಧ್ಯಾಹ್ನ ಒಂದು ಸಲ ಎಚ್ಚರವಾಗಿತ್ತಂತೆ. ಅವರನ್ನು ಕರೆಯಲಾ ಎಂದು ಇವರು ಕೇಳಿದ್ದಾರೆ. ಬಾಗಿಲ ಹೊರಗೆ ನನ್ನ ಚಪ್ಪಲಿಯ ಸದ್ದು ಅವಳಿಗೂ ಕೇಳಿಸುತ್ತಿತ್ತಂತೆ.

“ಬೇಡಮ್ಮ ಅಂದ್ಲು. ಒಳಗೆ ಬಂದ್ರೆ ಅವ್ರು ತಡ್ಕೊಳ್ಳಲ್ಲ, ಓಡಾಡ್ತಾ ಇರ್ಲಿ. ಸದ್ದು ಕೇಳ್ತಾ ಇದೆಯಲ್ಲ, ನಂಗೆ ಅಷ್ಟು ಸಾಕು ಅಂದ್ಲು.”

ನಾನು ಅತ್ತೆಯವರ ಪಕ್ಕದಲ್ಲೇ ಕೂತಿದ್ದೆ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಎಷ್ಟು ಹೊತ್ತು ಎಂದು ನೋಡಲಿಲ್ಲ.